ಇಂದಿನ ಧಮ್ಮ ಚಿಂತನೆ: ಎಚ್ಚರವಾಗಿದ್ದ ಊರು



ಇಂದಿನ ಓದು: ಧಮ್ಮಪದ, ಪುಪ್ಫವಗ್ಗ, 47ನೇ ಗಾಥೆ.

ಪುಸ್ತಕ ಇರುವವರು ತೆಗೆದು ನೋಡಿ. ಹೂ ಆಯುವವನಂತೆ ಸುಖಗಳನ್ನು ಆಯುವುದರಲ್ಲೇ ಮೈಮರೆತವನ ಮಾತು ಅಲ್ಲಿದೆ. ಅವನಿಗೆ ಬರುವ ಸಾವನ್ನು, ನಿದ್ದೆಯಲ್ಲಿರುವ ಊರಿನ ಮೇಲೆ ನುಗ್ಗುವ ನೆರೆಗೆ ಹೋಲಿಸಲಾಗಿದೆ. ಹೂವು, ನೆರೆ, ಮಲಗಿದ ಊರು. ಈ ಗಾಥೆಯನ್ನು ನಾನು ಎಷ್ಟೋ ಸಲ ಓದಿದ್ದೇನೆ, ನಮ್ಮ ಭಾನುವಾರದ ಓದಿನಲ್ಲಿ ವಿವರಿಸಿಯೂ ಇದ್ದೇನೆ. ಶೆಟ್ಟಿಹಳ್ಳಿಗೆ ಹೋಗಿ ಬಂದ ಮೇಲೆ ಮೊದಲಿನ ಹಾಗೆ ಓದಲು ಆಗುತ್ತಿಲ್ಲ.

ಅಲ್ಲಿ ತೆಗೆದ ಫೋಟೋಗಳನ್ನು ಗುಂಪಿಗೆ ಹಾಕಿದಾಗ ಇಪ್ಪತ್ತಕ್ಕೂ ಹೆಚ್ಚು ಜನ 'ಅನಿಚ್ಚ' ಎಂದು ಬರೆದಿರಿ. ಒಬ್ಬರು ಮಾತ್ರ, 'ಬೌದ್ಧರಾದವರು ಚರ್ಚಿಗೆ ಏಕೆ ಹೋಗಬೇಕು ಟೀಚರ್?' ಎಂದು ಕೇಳಿದ್ದರು. ಎರಡಕ್ಕೂ ಉತ್ತರ ಕೊಡಬೇಕಿದೆ. ತಡವಾಯಿತು, ಪರೀಕ್ಷೆಯ ಪೇಪರ್ ತಿದ್ದುವ ಕೆಲಸವಿತ್ತು, ಕ್ಷಮಿಸಿ.

ಹಾಸನದಿಂದ ಗೊರೂರಿನ ಕಡೆ ಹೋಗುವ ದಾರಿಯಲ್ಲಿ ಶೆಟ್ಟಿಹಳ್ಳಿ. ನಾವು ಏಳು ಜನ, ಜೊತೆಗೆ ಏಳನೇ ತರಗತಿಯ ಒಬ್ಬ ಹುಡುಗಿ. ಗಾಡಿಯನ್ನು ಹಿಂದೆಯೇ ನಿಲ್ಲಿಸಿ ಕೊನೆಯ ಹಾದಿಯನ್ನು ನಡೆದೇ ಹೋದೆವು. ಅದು ಹೊಲದ ಹಾದಿಯಲ್ಲ, ಕೆರೆ ಅಂಗಳದ ಹಾದಿ. ಮಳೆಗಾಲದಲ್ಲಿ ಹೇಮಾವತಿ ಜಲಾಶಯದ ಹಿನ್ನೀರು ಇಲ್ಲೆಲ್ಲ ನಿಲ್ಲುತ್ತದೆ. ಬೇಸಿಗೆಗೆ ನೀರು ಹಿಂದಕ್ಕೆ ಸರಿದು ನೆಲ ಬಿರುಕು ಬಿಟ್ಟು ಹೊರಗೆ ಬರುತ್ತದೆ. ಕಾಲಡಿ ಕೆಸರು ಒಣಗಿ ಹೆಂಚಿನ ಹಾಗೆ ಆಗಿತ್ತು. ಅದರ ಸಂದಿಯಲ್ಲೆಲ್ಲ ಹೂವು. ಹೆಚ್ಚಿನದು ಅರಿಶಿನ ದತ್ತೂರಿ, ಮುಳ್ಳೆಲೆಯ ಮೇಲೆ ಕಾಗದದಂಥ ಹಳದಿ ಹೂ. ಸ್ವಲ್ಪ ಎತ್ತರದಲ್ಲಿ ಎಕ್ಕ, ಅದರ ಬುಡದಲ್ಲಿ ಅಲ್ಲೊಂದು ಇಲ್ಲೊಂದು ತುಂಬೆ. ದೂರದಿಂದ ಬೆಳ್ಳಗೆ ಚೆಂದ ಕಂಡದ್ದು ಹತ್ತಿರ ಹೋದರೆ ಕಾಂಗ್ರೆಸ್ ಗಿಡ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ದತ್ತೂರಿ, ಕಾಂಗ್ರೆಸ್ ಎರಡೂ ಅಮೆರಿಕ ಖಂಡದ ಕಡೆಯಿಂದ ಬಂದ ಗಿಡಗಳು. ಅವುಗಳ ನಡುವೆ ನಿಂತಿರುವ ಕಟ್ಟಡದ ಮಾದರಿ ಬಂದದ್ದು ಯುರೋಪಿನಿಂದ. ಅವುಗಳಲ್ಲಿ ಯಾವುದು ಪರಕೀಯ ಎಂದು ಹೇಳುವುದು ನನ್ನಿಂದಾಗದು.

1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಇಗರ್ಜಿ ಇದು, ರೋಸರಿ ಚರ್ಚ್ ಎಂದು ಹೆಸರು. ನೂರು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿ ಮದುವೆ, ನಾಮಕರಣ, ಸಾವಿನ ಪ್ರಾರ್ಥನೆಗಳೆಲ್ಲ ನಡೆದವು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಊರು ಮುಳುಗಡೆಗೆ ಸೇರಿ ಜನ ಬೇರೆ ಕಡೆಗೆ ಹೋದರು. ಚರ್ಚ್ ಮಾತ್ರ ಅಲ್ಲೇ ನಿಂತಿತು. ಅಂದಿನಿಂದ ನೀರು ತುಂಬಿದ ವರ್ಷಗಳಲ್ಲಿ ಮುಳುಗುತ್ತದೆ, ಇಳಿದಾಗ ಏಳುತ್ತದೆ. ಛಾವಣಿ ಇಲ್ಲ. ಚೂಪಾದ ಕಮಾನುಗಳ ಮೂಲಕ ಆಕಾಶ ಕಾಣುತ್ತದೆ. ಗಾರೆ ಕಳಚಿ ಇಟ್ಟಿಗೆ ಬರಿಮೈಯಾಗಿದೆ, ಬಿದ್ದ ಕಲ್ಲುಗಳ ರಾಶಿಯಲ್ಲೂ ಹಳದಿ ಹೂ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಎರಡು ಜೋಡಿ ಬಂದಿದ್ದವು. ಹುಡುಗಿಯ ಉದ್ದನೆಯ ಕೆಂಪು ಗೌನನ್ನು ದತ್ತೂರಿ ಮುಳ್ಳಿನಿಂದ ಬಿಡಿಸುವುದೇ ಫೋಟೋದವನಿಗೆ ದೊಡ್ಡ ಕೆಲಸವಾಗಿತ್ತು.

ನಮ್ಮ ಹುಡುಗಿ ತುಂಬೆ ಹೂ ಕಿತ್ತು ಅಂಗೈ ತುಂಬಿಸಿಕೊಂಡಿದ್ದಳು. ನಮ್ಮ ಜೊತೆಯ ಹಿರಿಯ ಉಪಾಸಕರು ಕಮಾನಿನ ಕೆಳಗೆ ನಿಂತು, ನಾವು ವಂದನೆಯಲ್ಲಿ ಹೂ ಅರ್ಪಿಸುವಾಗ ಹೇಳುವುದನ್ನು ನೆನಪಿಸಿದರು. ಈ ಹೂ ಬಾಡುವ ಹಾಗೆಯೇ ನನ್ನ ದೇಹವೂ ಎಂದು ಹೇಳುತ್ತೇವಲ್ಲ, ಅದು. 'ನೋಡಿ, ಕಲ್ಲೂ ಅಷ್ಟೇ. ಎಲ್ಲವೂ ಅನಿಚ್ಚ' ಎಂದರು. ನಾವೆಲ್ಲ ತಲೆ ಆಡಿಸಿದೆವು. ಸಂದರ್ಭಕ್ಕೆ ಒಪ್ಪುವ ಮಾತೇ.

ಆಡು ಮೇಯಿಸುತ್ತಿದ್ದ ಒಬ್ಬ ಅಮ್ಮ ಅಲ್ಲೇ ನೆರಳಲ್ಲಿ ಕೂತಿದ್ದರು, ಅರವತ್ತರ ಆಸುಪಾಸು.

'ಏನಂದ್ರಿ?' ಎಂದರು.

'ಎಲ್ಲ ಒಂದಲ್ಲ ಒಂದು ದಿನ ಹೋಗೋದೇ, ಯಾವುದೂ ಉಳಿಯಲ್ಲ ಅಂದೆ ಕಣಮ್ಮ.'

'ಅಂಗನ್ಬೇಡಿ. ಇದು ತಾನಾಗಿ ಹೋಗಿದ್ದಲ್ಲ. ಕಾಗ್ದ ಮೊದ್ಲು ಬಂತು, ನೀರು ಆಮೇಲೆ ಬಂತು.'

ನಾನು ಪಕ್ಕದಲ್ಲಿ ಕೂತೆ. ಆಗ ಅವರಿಗೆ ಹತ್ತೋ ಹನ್ನೊಂದೋ ವಯಸ್ಸು. ನೀರು ಬರುತ್ತದೆಂದು ಊರಿಗೆಲ್ಲ ಗೊತ್ತಿತ್ತು. ತೊಲೆ, ಬಾಗಿಲು, ಹೆಂಚು ಕಿತ್ತು ಗಾಡಿಗೆ ಹೇರಿದ್ದು, ಬೀಸೋ ಕಲ್ಲು ಹೊರಲಾರದೆ ಬಿಟ್ಟು ಬಂದದ್ದು, ಎಲ್ಲ ಹೇಳಿದರು. 'ನಮ್ಮವ್ವ ಆ ವರ್ಷವೆಲ್ಲ ನಿದ್ದೆನೇ ಮಾಡ್ಲಿಲ್ಲ' ಎಂದರು. 'ನಿಮ್ಮ ಹೊಲವೂ ಮುಳುಗಿತಾ?' ಎಂದು ಕೇಳಿದೆ. ಕೇಳಬಾರದಿತ್ತು. 'ಹೊಲ ಇದ್ರಲ್ವ ಮುಳುಗಕ್ಕೆ?' ಎಂದು ನಕ್ಕರು. ಆಮೇಲೆ ಹುಡುಗಿಯ ಕೈ ನೋಡಿ, 'ಆ ಹೂ ಇತ್ತ ಕೊಡು ಮಗ' ಎಂದು ಇಸಿದುಕೊಂಡು ಒಳಗೆ ಹೋದರು. ಪೂಜಾಪೀಠ ಇದ್ದ ಜಾಗದಲ್ಲಿ, ಬರೀ ಮಣ್ಣಿನ ಮೇಲೆ, ಅವನ್ನು ಇಟ್ಟು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಆಡುಗಳ ಹಿಂದೆ ಹೊರಟರು. ಅವರು ಯಾವ ಜಾತಿಯಿಂದ ಕ್ರೈಸ್ತರಾದವರು ಎಂದು ನಮ್ಮಲ್ಲೊಬ್ಬರು ಗಾಡಿಯಲ್ಲಿ ಕೇಳಿದರು. ನಾನು ಕೇಳಿರಲಿಲ್ಲ.

ರಾತ್ರಿ ಮನೆಗೆ ಬಂದು 47ನೇ ಗಾಥೆಯನ್ನೂ ಅದರ ಅಟ್ಠಕಥೆಯನ್ನೂ ತೆಗೆದೆ. ಗಾಥೆಯಲ್ಲಿ ಊರು ಮಲಗಿದೆ. ಶೆಟ್ಟಿಹಳ್ಳಿ ಎಚ್ಚರವಾಗಿತ್ತು. ಹಾಗಾದರೆ ಈ ಹೋಲಿಕೆಯನ್ನು ಆ ಊರಿನ ಮೇಲೆ ಹಾಕಬಹುದೇ?

ಅಟ್ಠಕಥೆಯಲ್ಲಿ ಈ ಗಾಥೆಗೆ ಕೊಟ್ಟಿರುವ ಕಥೆ ವಿಡೂಡಭನದು. ನಿಮ್ಮಲ್ಲಿ ಹಲವರಿಗೆ ಗೊತ್ತು, ಆದರೂ ಹೇಳುತ್ತೇನೆ. ಕೋಸಲದ ರಾಜ ಪಸೇನದಿ ಶಾಕ್ಯರಿಂದ ಹೆಣ್ಣು ಕೇಳಿದ. ಶಾಕ್ಯರಿಗೆ ಕುಲದ ಹಮ್ಮು. ಕೊಡಲು ಮನಸ್ಸಿಲ್ಲ, ಬೇಡ ಎನ್ನಲು ಧೈರ್ಯವಿಲ್ಲ. ದಾಸಿಯಲ್ಲಿ ಹುಟ್ಟಿದ ವಾಸಭಖತ್ತಿಯಾಳನ್ನು ರಾಜಕುಮಾರಿ ಎಂದು ಕಳಿಸಿಕೊಟ್ಟರು. ಅವಳ ಮಗ ವಿಡೂಡಭ. ಹುಡುಗ ಬೆಳೆದು ತಾಯಿಯ ತವರಿಗೆ ಆಸೆಯಿಂದ ಹೋದ. ಅವನು ಹೊರಟ ಮೇಲೆ ಅವನು ಕೂತಿದ್ದ ಪೀಠವನ್ನು ಹಾಲು ನೀರು ಹಾಕಿ ತೊಳೆಸಿದರು, ದಾಸಿಯ ಮಗ ಕೂತ ಜಾಗವೆಂದು. ಮರೆತ ಆಯುಧ ತರಲು ಹಿಂತಿರುಗಿದ ಸೈನಿಕನೊಬ್ಬನ ಕಿವಿಗೆ ಆ ಮಾತು ಬಿತ್ತು. ಇದೇ ಪೀಠವನ್ನು ಅವರ ರಕ್ತದಿಂದ ತೊಳೆಯುತ್ತೇನೆ ಎಂದು ವಿಡೂಡಭ ಶಪಥ ಮಾಡಿದ. ರಾಜನಾದ ಮೇಲೆ ಹಾಗೆಯೇ ಮಾಡಿದ. ವಾಪಸು ಬರುವಾಗ ಅಚಿರವತಿ ನದಿಯ ಮರಳಿನಲ್ಲಿ ಬೀಡು ಬಿಟ್ಟ. ರಾತ್ರಿ ನೆರೆ ಬಂದು ಅವನನ್ನೂ ಪಾತ್ರದಲ್ಲಿ ಮಲಗಿದ್ದ ದಂಡನ್ನೂ ಕೊಚ್ಚಿಕೊಂಡು ಹೋಯಿತು. ಭಗವಾನರು ಆಗ ಹೇಳಿದ ಮಾತು ಈ ಗಾಥೆ.

ಪೀಠ ತೊಳೆಯುವ ಕಥೆ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಕಂಡವರು ನಮ್ಮ ಮನೆಗಳಲ್ಲೇ ಇದ್ದಾರೆ. ನಾನು ಇಷ್ಟು ವರ್ಷ ಗಮನಿಸದೆ ಹೋದದ್ದು ಕಥೆಯ ನಡುವಿನ ಒಂದು ಭಾಗವನ್ನು. ವಿಡೂಡಭ ದಂಡೆತ್ತಿ ಬಂದಾಗ ಭಗವಾನರು ಗಡಿಗೆ ಹೋಗಿ, ಎಲೆ ಉದುರಿ ನೆರಳೇ ಇಲ್ಲದ ಮರದ ಕೆಳಗೆ ಬಿಸಿಲಲ್ಲಿ ಕೂತರು. ಪಕ್ಕದಲ್ಲಿ ಕೋಸಲದ ಕಡೆ ದಟ್ಟ ನೆರಳಿನ ಆಲದ ಮರವಿತ್ತು. ಅಲ್ಲಿ ಏಕೆ ಕೂರಬಾರದು ಎಂದು ರಾಜ ಕೇಳಿದರೆ, ಬಂಧುಗಳ ನೆರಳೇ ತಂಪು ಎಂಬರ್ಥದ ಉತ್ತರ. ರಾಜ ನಾಚಿ ಹಿಂತಿರುಗಿದ. ಹೀಗೆ ಒಂದು ಸಲವಲ್ಲ, ಮೂರು ಸಲ. ಅನಿತ್ಯದ ಗಾಥೆ ಬಂದದ್ದು ಇದೆಲ್ಲ ಆದ ಮೇಲೆ. ಮೊದಲ ದಿನವೇ ವಿಹಾರದ ತಂಪಿನಲ್ಲಿ ಕೂತು, ಶಾಕ್ಯರೂ ಒಂದು ದಿನ ಅಳಿಯುವವರೇ ಎಂದು ಅವರು ಹೇಳಲಿಲ್ಲ.

ನಾಲ್ಕನೆಯ ಸಲ ಏಕೆ ಹೋಗಲಿಲ್ಲ ಎಂಬುದಕ್ಕೆ ಅಟ್ಠಕಥೆ ಶಾಕ್ಯರ ಹಿಂದಿನ ಜನ್ಮದ ಪಾಪವನ್ನು ಕಾರಣ ಕೊಡುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಹಿಂದಿನ ಜನ್ಮದ ಕರ್ಮದಿಂದ ಇಂದಿನ ಸ್ಥಿತಿ ಎಂಬ ವಾದವನ್ನು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರು ಬಿಡಿಸಿ ನಿರಾಕರಿಸಿದ್ದಾರೆ. ನಮ್ಮ ಹಿರಿಯರನ್ನು ಊರ ಹೊರಗೆ ಇಟ್ಟಿದ್ದೇ ಆ ವಾದ. ಅದೇ ಪುಸ್ತಕದ ಆರಂಭದಲ್ಲಿ ಅವರು ಎತ್ತುವ ಇನ್ನೊಂದು ಪ್ರಶ್ನೆ ನೋಡಿ. ಮುದುಕ, ರೋಗಿ, ಹೆಣ ಇವನ್ನು ಮೊದಲ ಸಲ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆ ನಂಬುವಂತಿದೆಯೇ? 29 ವರ್ಷದವನು ಅಷ್ಟು ದಿನ ಒಬ್ಬ ಮುದುಕನನ್ನೂ ನೋಡಿರಲಿಲ್ಲವೇ? ಅದರ ಬದಲು ಬಾಬಾಸಾಹೇಬರು ಮುಂದಿಡುವುದು ರೋಹಿಣಿ ನದಿಯ ನೀರಿನ ಜಗಳವನ್ನು. ಶಾಕ್ಯರು, ಕೋಲಿಯರು ಇಬ್ಬರ ಹೊಲಕ್ಕೂ ಅದೇ ನೀರು. ಯುದ್ಧ ಬೇಡ, ಎರಡೂ ಕಡೆಯಿಂದ ಇಬ್ಬಿಬ್ಬರು ಕೂತು ಐದನೆಯವನನ್ನು ಆರಿಸಿ ತೀರ್ಮಾನಿಸಲಿ ಎಂದು ಸಿದ್ಧಾರ್ಥ ಸಂಘದಲ್ಲಿ ಹೇಳಿ ಸೋಲುತ್ತಾನೆ. ಮನೆಯವರಿಗೆ ಬಹಿಷ್ಕಾರ ಬೀಳಬಾರದೆಂದು ಪರಿವ್ರಾಜಕನಾಗುತ್ತಾನೆ. ಬಾಬಾಸಾಹೇಬರ ಬುದ್ಧ ಹೊರಟದ್ದು ಹೆಣ ನೋಡಿ ಅಲ್ಲ, ನೀರಿನ ನ್ಯಾಯಕ್ಕಾಗಿ.

ಇಲ್ಲಿ ನಾನೇ ಸಿಕ್ಕಿಕೊಳ್ಳುತ್ತೇನೆ. ತುಮಕೂರಿನ ನಮ್ಮ ನಲ್ಲಿಗಳಲ್ಲಿ ಬರುವುದು ಬುಗುಡನಹಳ್ಳಿ ಕೆರೆಗೆ ಬಂದ ಹೇಮಾವತಿ ನೀರು. ಆ ಅಮ್ಮನ ಊರನ್ನು ಮುಳುಗಿಸಿದ ನೀರು. 1927ರಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿಯಲು ಏಟು ತಿಂದವರ ಮಕ್ಕಳು ನಾವು, ನಲ್ಲಿ ನೀರು ನಮಗೆ ಸಣ್ಣ ಮಾತಲ್ಲ. ಬಾಬಾಸಾಹೇಬರೂ ಅಣೆಕಟ್ಟಿನ ವಿರೋಧಿಯಲ್ಲ. 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರದು, ನೀರಾವರಿ ಮತ್ತು ವಿದ್ಯುತ್ತು ಅದರಲ್ಲೇ ಇತ್ತು. ದಾಮೋದರ ಕಣಿವೆ, ಮಹಾನದಿಯ ಯೋಜನೆಗಳ ಹಿಂದೆ ಅವರ ಶ್ರಮವಿದೆ. ಆದ್ದರಿಂದ ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳಲಾರೆ. ಆದರೆ ನೀರು ಕುಡಿಯುವವರು ಮುಳುಗಿದವರನ್ನು ನೋಡಿ 'ಅನಿಚ್ಚ' ಎಂದರೆ ಅದು ಧಮ್ಮವೇ? 1894ರ ಭೂಸ್ವಾಧೀನ ಕಾಯ್ದೆಯ ಕಣ್ಣಿಗೆ ಬೀಳುತ್ತಿದ್ದವರು ಭೂಮಿಯಲ್ಲಿ ಹಕ್ಕು ಇದ್ದವರು. ಆ ಭೂಮಿಯಲ್ಲಿ ದುಡಿದು ಬದುಕುವ ಕೂಲಿಯವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕಾಯ್ದೆ ಬಂದದ್ದು 2013ರಲ್ಲಿ. ಹೊಲ ಇದ್ದರಲ್ಲವೇ ಮುಳುಗಲು ಎಂದು ಅವರು ನಕ್ಕದ್ದರ ಹಿಂದೆ ಇಷ್ಟು ಉದ್ದದ ಕಥೆ ಇದೆ.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಬಿಸಿಯೂಟಕ್ಕೆ ನಮ್ಮ ಕೇರಿಯ ಅಕ್ಕ ಒಬ್ಬರು ಬಂದರು. ಎರಡನೇ ವಾರಕ್ಕೆ ಮಕ್ಕಳು ಬುತ್ತಿ ತರತೊಡಗಿದವು. ತಿಂಗಳೊಳಗೆ ಅವರನ್ನು ಬಿಡಿಸಿದರು, ಕಾರಣ ಬೇರೆಯೇ ಬರೆದರು. ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಆ ಅಕ್ಕ ಅಳುತ್ತಾ ಬಂದಾಗ ನಾನು ಹೇಳಿದ್ದು, 'ಯಾವುದೂ ಶಾಶ್ವತ ಅಲ್ಲ ಅಕ್ಕ, ಸಮಾಧಾನ ಮಾಡ್ಕೊಳ್ಳಿ' ಎಂದು. 'ಹೂಂ ಮೇಡಂ' ಎಂದು ಹೋದರು. ದೂರು ಬರೆಯಲು ನನಗೆ ಬರುತ್ತಿತ್ತು. ಎಂಎ ಓದಿದ್ದೇನೆ, ಕಾನೂನಿನ ಹೆಸರೂ ಗೊತ್ತಿತ್ತು. ವರ್ಗಾವಣೆಯ ಭಯವೂ ಇತ್ತು. ಆ ದಿನ ನನ್ನ ಬಾಯಲ್ಲಿ ಬಂದ ಅನಿತ್ಯ ಬುದ್ಧರದಲ್ಲ. ದಟ್ಟ ನೆರಳಿನ ಮರದ ಕೆಳಗಿನದು.

ಚರ್ಚಿಗೆ ಏಕೆ ಹೋದಿರಿ ಎಂದು ಕೇಳಿದವರಿಗೆ: ಪೂಜೆಗೆ ಹೋಗಲಿಲ್ಲ, ನಮ್ಮ 22 ಪ್ರತಿಜ್ಞೆಗಳಿಗೆ ಏನೂ ಆಗಿಲ್ಲ. 1935ರಲ್ಲಿ ಯೇವಲಾದಲ್ಲಿ ಮತಾಂತರದ ನಿರ್ಧಾರ ಹೇಳಿ 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವ ನಡುವೆ ಬಾಬಾಸಾಹೇಬರು ಎಲ್ಲ ಧರ್ಮಗಳನ್ನೂ ಓದಿದರು. ಕ್ರೈಸ್ತರಾದ ಅಸ್ಪೃಶ್ಯರ ಬಗ್ಗೆ ಅವರು ಬರೆದದ್ದನ್ನು ನಾವೂ ಓದಬೇಕು. ಜಾತಿ ಇಗರ್ಜಿಯ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೂ ಹೋಯಿತು. ಬೌದ್ಧರಾದ ನಮಗೆ ಪರಿಶಿಷ್ಟ ಜಾತಿಯ ಮಾನ್ಯತೆ ಸಿಕ್ಕಿದ್ದು 1990ರಲ್ಲಿ. ಕ್ರೈಸ್ತರಾದ ನಮ್ಮವರಿಗೆ ಇನ್ನೂ ಇಲ್ಲ. ಅವರು ಬೇರೆ ಬಾಗಿಲಿನಿಂದ ಹೊರಗೆ ಹೋದ ನಮ್ಮ ಮನೆಯವರೇ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಓದು. 'ಬುದ್ಧ ಮತ್ತು ಅವನ ಧಮ್ಮ', ಮೊದಲ ಕಾಂಡ, ಶಾಕ್ಯ ಸಂಘದೊಡನೆ ಸಂಘರ್ಷದಿಂದ ಪರಿವ್ರಾಜಕನಾಗಿ ಹೊರಡುವವರೆಗೆ. ಮಕ್ಕಳನ್ನು ಕರೆತನ್ನಿ. ಒಂದು ಚೀಟಿಯಲ್ಲಿ ಹೆಸರು ಹಾಕದೆ ಬರೆದು ತನ್ನಿ: ಯಾರಿಗಾದರೂ ನಾನು 'ಅನಿಚ್ಚ' ಎಂದು ಹೇಳಿ ಸುಮ್ಮನಾದ ಸಂದರ್ಭ ಯಾವುದು, ಆಗ ಮಾಡಬಹುದಾಗಿದ್ದ ಕೆಲಸ ಯಾವುದು. ನನ್ನದನ್ನು ಮೇಲೆ ಬರೆದಿದ್ದೇನೆ. ಆ ಅಕ್ಕನ ಮನೆ ಗೊತ್ತಿದೆ. ಶನಿವಾರ ಮಧ್ಯಾಹ್ನ ಹೋಗುತ್ತೇನೆ, ಜೊತೆಗೆ ಬರುವವರು ತಿಳಿಸಿ.

ಹೂವಿನ ಸರದಿ ಈ ವಾರ ನನ್ನದು.

ಜೈ ಭೀಮ್, ನಮೋ ಬುದ್ಧಾಯ.