ಅಂಗೈಯಗಲದ ಗಣಕಯಂತ್ರ

1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಂದಿನಿಂದ ನಾವು ಗುಂಡಿ ಒತ್ತಿ ದೀಪ ಹೊತ್ತಿಸುತ್ತೇವೆ, ನೀರೆತ್ತುತ್ತೇವೆ. ಆದರೆ ಆ ಗುಂಡಿಯನ್ನು ಒತ್ತಲು ಮನುಷ್ಯನೇ ಹೋಗಬೇಕು. ಅದು ಎಷ್ಟು ಕಷ್ಟದ ಕೆಲಸವಾಗಬಹುದೆಂಬುದನ್ನು ರೈತನಲ್ಲದವನು ಊಹಿಸಲಾರನು.

ತುಂಗಭದ್ರೆಯ ನೀರುಂಡ ಸಿರುಗುಪ್ಪದ ಸೀಮೆ ಭತ್ತದ ಬೆಳೆಗೆ ಹೆಸರಾದುದು. ಅಲ್ಲಿನ ಒಂದು ರೈತರ ಮನೆಯನ್ನು ಕಲ್ಪಿಸಿಕೊಳ್ಳಿರಿ. ಮನೆಯ ಹಿಂದೆಯೇ ಗದ್ದೆ. ಗದ್ದೆಯ ಮೂಲೆಯಲ್ಲಿ ಕೊಳವೆಬಾವಿ, ಅದರ ಪಕ್ಕದಲ್ಲಿ ಸ್ಟಾರ್ಟರಿನ ಪೆಟ್ಟಿಗೆ. ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ದಿನದ ಕೆಲವು ಗಂಟೆಗಳಲ್ಲಿ ಮಾತ್ರ ದೊರೆಯುತ್ತದೆ. ಸರದಿ ರಾತ್ರಿಯಲ್ಲಿ ಬಂದರೆ ಮನೆಯ ಯಜಮಾನರು ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆಯಬೇಕು. ಕಾಲ ಕೆಳಗೆ ಕೆಸರು, ಹುಲ್ಲಿನಲ್ಲಿ ಹಾವಿನ ಭಯ, ಒದ್ದೆಯಾದ ಕೈಯಲ್ಲಿ ವಿದ್ಯುತ್ತಿನ ಸಹವಾಸ. ಅವರು ಹಿಂದಿರುಗುವವರೆಗೂ ಮನೆಯವರಿಗೆ ನಿದ್ರೆಯಿಲ್ಲ.

"ಅಪ್ಪಾ, ತಾನೇ ಶುರುವಾಗುವ ಆಟೋ ಸ್ಟಾರ್ಟರ್ ಹಾಕಿಸಬಾರದೇ?" ಎಂದು ಮಗಳು ಕೇಳಿದಳೆನ್ನೋಣ.

"ಹಾಕಿಸಬಹುದಮ್ಮಾ. ಆದರೆ ಅದಕ್ಕೆ ವಿವೇಚನೆ ಇಲ್ಲ. ಕರೆಂಟು ಬಂದೊಡನೆ ಊರ ಮೋಟಾರುಗಳೆಲ್ಲ ಒಮ್ಮೆಗೇ ಎದ್ದರೆ ಟಿ.ಸಿ. ಆ ಭಾರವನ್ನು ತಡೆಯುವುದಿಲ್ಲ" ಎಂದು ತಂದೆ ಉತ್ತರಿಸಿಯಾರು.

ಹಾಗಾದರೆ ಬೇಕಾದುದು ಬರಿಯ ಗುಂಡಿಯಲ್ಲ. ತುಸು ಕಾಯುವ, ನೀರನ್ನು ನೋಡುವ, ಬಳಿಕ ನಿರ್ಧರಿಸುವ ಸಾಧನ. ಅಂಥ ಸಾಧನವೇ ಏಕಫಲಕ ಗಣಕಯಂತ್ರ. ಒಂದೇ ಹಲಗೆಯ ಮೇಲೆ ಗಣಕದ ಎಲ್ಲ ಮುಖ್ಯ ಅಂಗಗಳೂ ಇರುವುದರಿಂದ ಅದಕ್ಕೆ ಈ ಹೆಸರು.

ಗಣಕಯಂತ್ರವು ಸಾಮಾನ್ಯರ ಕೈಗೆ ಎಟುಕಬೇಕೆಂಬ ಹಂಬಲ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ಇದೇ ಉದ್ದೇಶದಿಂದ 'ಸಿಂಪ್ಯೂಟರ್' ಎಂಬ ಕೈಗಣಕವನ್ನು ರೂಪಿಸಿದರು. 2004ರಲ್ಲಿ 'ಅಮಿದಾ' ಎಂಬ ಹೆಸರಿನಲ್ಲಿಯೂ ಅದು ಮಾರುಕಟ್ಟೆಗೆ ಬಂದಿತು. ಅದು ಹೆಚ್ಚು ಕಾಲ ಉಳಿಯಲಿಲ್ಲವಾದರೂ ಅದರ ಹಿಂದಿನ ಆಶಯ ಅಳಿಯಲಿಲ್ಲ. 2012ರ ಫೆಬ್ರವರಿ 29ರಂದು ಇಂಗ್ಲೆಂಡಿನಲ್ಲಿ 'ರಾಸ್ಪ್‌ಬೆರಿ ಪೈ' ಎಂಬ ಚಿಕ್ಕ ಗಣಕ ಬಿಡುಗಡೆಯಾಯಿತು. ಮಕ್ಕಳು ಗಣಕವಿದ್ಯೆಯನ್ನು ಕೈಯಾರೆ ಮಾಡಿ ಕಲಿಯಲೆಂಬುದು ಅದನ್ನು ರೂಪಿಸಿದವರ ಉದ್ದೇಶವಾಗಿತ್ತು. 2023ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದ ಅದರ ಐದನೆಯ ಪೀಳಿಗೆಯ ಹಲಗೆ ಸುಮಾರು 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲವಿದೆ. ಅಂಗೈಯಲ್ಲಿ ಅಡಗುವಷ್ಟೇ ಗಾತ್ರ.

ತಂತ್ರಾಂಶವಿಲ್ಲದ ಗಣಕ ಬರಿಯ ಹಲಗೆ. ಮನೆಯ ಉಪಕರಣಗಳನ್ನು ನಡೆಸಲು ಹಲವು ತಂತ್ರಾಂಶಗಳಿವೆ. 2013ರಲ್ಲಿ ಪೌಲಸ್ ಸ್ಕೌಟ್‌ಸೆನ್ ಎಂಬವರು ಆರಂಭಿಸಿದ 'ಹೋಮ್ ಅಸಿಸ್ಟೆಂಟ್' ಅವುಗಳಲ್ಲೊಂದು. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಅದರ ಒಳಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಳೆಯ ಹಲಗೆಗೆಂದು ಸಿದ್ಧಪಡಿಸಿದ ತಂತ್ರಾಂಶದ ಪ್ರತಿ ಹೊಸ ಹಲಗೆಯಲ್ಲಿ ಕೆಲಸಮಾಡದೆ ಹೋಗಬಹುದು. ಐದನೆಯ ಪೀಳಿಗೆಯಲ್ಲಿ ಯು.ಎಸ್.ಬಿ., ಜಾಲದ ತಂತಿ ಮತ್ತು ಹೊರಗಿನ ಸಲಕರಣೆಗಳನ್ನು ಜೋಡಿಸುವ ಕಡ್ಡಿಗಳ ವ್ಯವಹಾರವೆಲ್ಲವೂ ಆರ್‌ಪಿ1 ಎಂಬ ಪ್ರತ್ಯೇಕ ಬಿಲ್ಲೆಗೆ ಸೇರಿತು. ಬಾಗಿಲು ಗೋಡೆಯ ಇನ್ನೊಂದು ಬದಿಗೆ ಹೋದ ಮೇಲೆ, ಹಳೆಯ ಬಾಗಿಲಿದ್ದ ಜಾಗವನ್ನು ತಟ್ಟುತ್ತ ನಿಂತವನಿಗೆ ಯಾರು ತೆರೆಯುವರು? ಈ ಹಲಗೆಗೆ ಹೊಂದುವ ಹೋಮ್ ಅಸಿಸ್ಟೆಂಟ್ ಕಾರ್ಯವ್ಯವಸ್ಥೆಯ ಸ್ಥಿರ ಆವೃತ್ತಿ 2024ರ ಆರಂಭದಲ್ಲಿ ಹೊರಬಂದಿತು. ಆದುದರಿಂದ ಕೆಲಸಕ್ಕೆ ತೊಡಗುವ ಮೊದಲು ಹಲಗೆ ಯಾವುದು, ಸೂಚನೆಗಳು ಯಾವ ಹಲಗೆಗೆ ಬರೆದವು ಎಂಬುದನ್ನು ಓದಿ ನಿಶ್ಚಯಿಸಿಕೊಳ್ಳಬೇಕು.

ಅನುಸ್ಥಾಪನೆಯ ಕ್ರಮ ಹೀಗಿದೆ. ಮೊದಲು ಬೇರೊಂದು ಗಣಕದಲ್ಲಿ 'ರಾಸ್ಪ್‌ಬೆರಿ ಪೈ ಇಮೇಜರ್' ಎಂಬ ತಂತ್ರಾಂಶವನ್ನು ತೆರೆದು, ಹಲಗೆಯ ಪೀಳಿಗೆಯನ್ನೂ ಹೋಮ್ ಅಸಿಸ್ಟೆಂಟನ್ನೂ ಆರಿಸಿ, ಚಿಕ್ಕದೊಂದು ಸ್ಮರಣಪತ್ರಕ್ಕೆ, ಎಂದರೆ ಮೆಮೊರಿ ಕಾರ್ಡಿಗೆ, ಬರೆಯಬೇಕು. ಆಗ ಕಾರ್ಡಿನಲ್ಲಿದ್ದ ಹಳೆಯ ಸಂಗತಿಗಳೆಲ್ಲ ಅಳಿಯುತ್ತವೆ. ಮೊದಲೇ ಪ್ರತಿ ತೆಗೆದಿಡುವುದು ಒಳ್ಳೆಯದು. ಬಳಿಕ ಕಾರ್ಡನ್ನು ಹಲಗೆಗೆ ಸಿಕ್ಕಿಸಿ, ಮನೆಯ ಅಂತರಜಾಲದ ಪೆಟ್ಟಿಗೆಯಿಂದ ತಂತಿಯೆಳೆದು, ಕೊನೆಗೆ ವಿದ್ಯುತ್ತು ಕೊಡಬೇಕು. ಐದನೆಯ ಪೀಳಿಗೆಗೆ 5 ವೋಲ್ಟ್, 5 ಆಂಪಿಯರ್ ಒದಗಿಸುವ ಪೂರೈಕೆ ಸೂಕ್ತ. ಮೊದಲ ಸಲ ತಂತ್ರಾಂಶವು ಉಳಿದ ಭಾಗಗಳನ್ನು ಅಂತರಜಾಲದಿಂದ ತರಿಸಿಕೊಳ್ಳುವುದರಿಂದ ತಾಳ್ಮೆ ಬೇಕು. ಆಮೇಲೆ ಅದೇ ಮನೆಯ ಇನ್ನೊಂದು ಗಣಕದಲ್ಲಿ ಅಥವಾ ಮೊಬೈಲಿನಲ್ಲಿ ಅದರ ಪುಟವನ್ನು ತೆರೆದು, ಹೆಸರು, ಗುಪ್ತಪದಗಳನ್ನು ನಿಗದಿಪಡಿಸಬೇಕು.

ಮೊದಲ ಪ್ರಯೋಗಕ್ಕೆ ಸುಲಭವಾದುದನ್ನು ಆರಿಸುವುದು ಜಾಣತನ. ಬಳ್ಳಾರಿ ನಗರದ ಒಂದು ಮನೆಯಲ್ಲಿ ಸಂಪಿನ ನೀರನ್ನು ಮಹಡಿಯ ತೊಟ್ಟಿಗೆ ಏರಿಸಬೇಕಾಗಿದೆಯೆನ್ನಿ. ತಂತ್ರಾಂಶಕ್ಕೆ ಮೂರು ಮಾತುಗಳನ್ನು ಹೇಳಬೇಕು: ಯಾವಾಗ, ಯಾವ ಷರತ್ತಿನ ಮೇಲೆ, ಏನು ಮಾಡಬೇಕು. ತೊಟ್ಟಿಯ ನೀರು ತಗ್ಗಿದಾಗ, ಸಂಪಿನಲ್ಲಿ ನೀರಿದ್ದರೆ, ಮೋಟಾರನ್ನು ಚಾಲೂ ಮಾಡು. ನಡುವಿನ ಷರತ್ತನ್ನು ಮರೆತರೆ ಒಣ ಸಂಪಿನಲ್ಲಿ ಓಡಿ ಮೋಟಾರು ಕೆಡುತ್ತದೆ. ಯಂತ್ರವು ನಾವು ಹೇಳಿದ್ದನ್ನು ಮಾಡುತ್ತದೆ. ನಾವು ಹೇಳಲು ಮರೆತುದನ್ನು ಅದು ಊಹಿಸಲಾರದು.

ಇನ್ನು ದೊಡ್ಡಬಸವೇಶ್ವರನ ಗುಡಿಯಿಂದ ಪ್ರಸಿದ್ಧವಾದ ಕುರುಗೋಡಿನಲ್ಲಿ ಬಿರುಗಾಳಿಗೆ ಅಂತರಜಾಲ ಕಡಿದುಹೋಯಿತೆಂದುಕೊಳ್ಳೋಣ. ದೂರದೇಶದ ಗಣಕಗಳಿಂದ ಆಜ್ಞೆ ಪಡೆಯುವ ಉಪಕರಣಗಳು ಆಗ ಮೂಕವಾಗುತ್ತವೆ. ಆದರೆ ಆಜ್ಞೆಯ ಕೇಂದ್ರ ಮನೆಯಲ್ಲಿಯೇ ಇದ್ದು, ಉಪಕರಣಗಳೂ ಮನೆಯ ಜಾಲವನ್ನೇ ಬಳಸುತ್ತಿದ್ದರೆ ಕೆಲಸ ನಿಲ್ಲದು. ಮನೆಯವರು ಯಾವಾಗ ಏಳುತ್ತಾರೆ, ಯಾವಾಗ ಮನೆ ಬರಿದಾಗಿರುತ್ತದೆ ಎಂಬ ವಿವರಗಳೂ ಹೊರಗೆ ಹೋಗುವುದಿಲ್ಲ. ವಿದ್ಯುತ್ತೇ ನಿಂತಾಗ ಮಾತ್ರ ಚಿಕ್ಕ ಯು.ಪಿ.ಎಸ್. ಬೇಕು, ಹಠಾತ್ತಾಗಿ ವಿದ್ಯುತ್ತು ತಪ್ಪಿದರೆ ಕಾರ್ಡಿನಲ್ಲಿರುವ ಬರಹ ಕೆಡುವ ಸಂಭವವುಂಟು.

ಈಗ ಸಿರುಗುಪ್ಪದ ಮನೆಗೆ ಮರಳೋಣ. ಕರೆಂಟು ಬಂದಾಗ ಕೆಲವು ನಿಮಿಷ ಕಾದು, ಬಾವಿಯಲ್ಲಿ ನೀರಿದ್ದರೆ ಮಾತ್ರ ಮೋಟಾರನ್ನು ನಡೆಸುವ ನಿಯಮವನ್ನು ಮಗಳು ಬರೆಯಬಲ್ಲಳು. ಆದರೆ ಸ್ಟಾರ್ಟರಿನ ಜೋಡಣೆಗೆ ಅವಳು ಕೈಹಾಕಕೂಡದು. ಹಲಗೆಯ ಕಡ್ಡಿಗಳು 3.3 ವೋಲ್ಟಿನವು, ಮೂರು ಫೇಸಿನ ವಿದ್ಯುತ್ತು ಸುಮಾರು 400 ವೋಲ್ಟಿನದು. ಅವೆರಡನ್ನೂ ಬೇರ್ಪಡಿಸಿ ಜೋಡಿಸುವುದು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನ ಹೊಣೆ. ಕೈಯಿಂದ ನಿಲ್ಲಿಸುವ ಗುಂಡಿಯೂ ಇರಲೇಬೇಕು.

ಹೀಗೆ ಅರಿತು ಜೋಡಿಸಿದ ಯಂತ್ರದಿಂದ ತಂದೆಯ ದುಡಿಮೆ ಮುಗಿಯುವುದಿಲ್ಲ; ಬೆಳಿಗ್ಗೆ ಅವರು ಗದ್ದೆಗೆ ಹೋಗಿ ನೀರನ್ನು ನೋಡಲೇಬೇಕು. ಆದರೆ ನಡುರಾತ್ರಿಯಲ್ಲಿ ಹಾವಿನ ಹಾದಿ ತುಳಿಯುವುದು ತಪ್ಪುತ್ತದೆ. ಒಂದು ಮನೆ ನಿಶ್ಚಿಂತೆಯಿಂದ ನಿದ್ರಿಸುತ್ತದೆ. ವಿಜ್ಞಾನಕ್ಕೆ ಇದಕ್ಕಿಂತ ಸಾರ್ಥಕತೆ ಬೇರೇನು ಬೇಕು?

ಅಭ್ಯಾಸ

1. ಆಟೋ ಸ್ಟಾರ್ಟರಿಗೂ ಪಾಠದಲ್ಲಿ ಹೇಳಿದ ಗಣಕಕ್ಕೂ ಇರುವ ವ್ಯತ್ಯಾಸವೇನು?
2. ಹಳೆಯ ಹಲಗೆಯ ತಂತ್ರಾಂಶ ಹೊಸ ಹಲಗೆಗೆ ಏಕೆ ಹೊಂದದಿರಬಹುದು?
3. ಆಜ್ಞೆಯ ಕೇಂದ್ರ ಮನೆಯಲ್ಲಿಯೇ ಇರುವುದರಿಂದಾಗುವ ಎರಡು ಪ್ರಯೋಜನಗಳನ್ನು ಬರೆಯಿರಿ.
4. ನಿಮ್ಮ ಮನೆಯ ಒಂದು ಕೆಲಸವನ್ನು ಆರಿಸಿಕೊಂಡು, 'ಯಾವಾಗ, ಯಾವ ಷರತ್ತಿನ ಮೇಲೆ, ಏನು' ಎಂಬ ಕ್ರಮದಲ್ಲಿ ನಿಯಮವನ್ನು ರಚಿಸಿರಿ.