ಮದ್ಯತ್ಯಾಗವೂ ಕಿಶೋರಾವಸ್ಥೆಯೂ

ಶ್ರಾವಕಧರ್ಮಕ್ಕೆ ಮೂಲಗುಣಗಳೇ ತಳಪಾಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಎಂಟು ಮೂಲಗುಣಗಳನ್ನು ಎಣಿಸಿದ್ದಾರೆ. ಮದ್ಯತ್ಯಾಗದ ಕಾರಣವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿಶದಪಡಿಸಿದ್ದಾರೆ. ಮದ್ಯವು ಅನೇಕ ಜೀವಗಳ ಉತ್ಪತ್ತಿಸ್ಥಾನ. ಅದು ಮನಸ್ಸನ್ನು ಮೋಹಗೊಳಿಸುತ್ತದೆ. ಮೋಹಿತನಾದವನು ಧರ್ಮವನ್ನು ಮರೆಯುತ್ತಾನೆ. ಧರ್ಮವನ್ನು ಮರೆತವನು ಅಳುಕಿಲ್ಲದೆ ಹಿಂಸೆಗಿಳಿಯುತ್ತಾನೆ. ಆದುದರಿಂದ ಮದ್ಯತ್ಯಾಗವು ಅಹಿಂಸಾವ್ರತದ ಹೆಬ್ಬಾಗಿಲು.

ಜೈನಕುಲದಲ್ಲಿ ಜನಿಸಿದ ಮಾತ್ರಕ್ಕೆ ಮಕ್ಕಳು ಮದ್ಯತ್ಯಾಗಿಗಳೆಂದು ಭಾವಿಸುವುದು ವಾಡಿಕೆ. ಆದರೆ ತಿಳಿದು ಸಂಕಲ್ಪಿಸಿ ಬಿಡುವುದು ಮಾತ್ರ ವ್ರತವೆನಿಸುತ್ತದೆ. ದೊರೆಯದ ಕಾರಣ ಕುಡಿಯದಿರುವುದು ವ್ರತವಲ್ಲ. ಬೆಂಗಳೂರು ದಕ್ಷಿಣದ ಸುಬ್ರಹ್ಮಣ್ಯಪುರ, ಉತ್ತರಹಳ್ಳಿಗಳು ಹಿಂದೆ ಹಳ್ಳಿಗಳಾಗಿದ್ದವು. ಇಂದು ಮಹಾನಗರದೊಳಗೆ ಸೇರಿಹೋಗಿವೆ. ಅಲ್ಲಿನ ಮಕ್ಕಳು ವಿದ್ಯಾಭ್ಯಾಸಕ್ಕಾಗಿ ಬನಶಂಕರಿ, ಜಯನಗರಗಳಿಗೆ ಹೋಗಿಬರುತ್ತಾರೆ. ನಾನಾ ಮನೆತನಗಳ ಗೆಳೆಯರ ಹುಟ್ಟುಹಬ್ಬಗಳಿಗೂ ಪ್ರವಾಸಗಳಿಗೂ ಸೇರುತ್ತಾರೆ. 2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ವಿದ್ಯಾರ್ಥಿಗಳ ಚೀಲಗಳನ್ನು ಪರಿಶೀಲಿಸಿದಾಗ ಸಿಗರೇಟು, ಲೈಟರುಗಳೊಡನೆ ನೀರಿನ ಬಾಟಲಿಯಲ್ಲಿ ಮದ್ಯವೂ ಕಂಡುಬಂದುದಾಗಿ ಪತ್ರಿಕೆಗಳು ವರದಿಮಾಡಿದವು. ನೀರನ್ನು ಸೋಸಿ ಕುಡಿಯಲು ಕಲಿಸುವ ಸಮಾಜಕ್ಕೆ ಇದು ಚಿಂತನೀಯ ವಿಷಯ.

ಕಾನೂನು ಕಾಯುವುದೆಂದು ನಿಶ್ಚಿಂತರಾಗಿರಲಾಗದು. 2015ರ ಬಾಲನ್ಯಾಯ ಕಾಯಿದೆಯು 18 ವರ್ಷ ತುಂಬದವರಿಗೆ ಮದ್ಯವನ್ನು ಕೊಡುವವರಿಗೆ 7 ವರ್ಷಗಳವರೆಗೆ ಕಠಿಣ ಸೆರೆವಾಸವನ್ನೂ 1 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಿದೆ. ಆದರೆ 2023ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಮದ್ಯ ಕೊಳ್ಳುವ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡನ್ನು ಹೊರಡಿಸಿ, ಆಕ್ಷೇಪಣೆಗಳು ಬಂದ ಮೇಲೆ ಹಿಂದೆಗೆದುಕೊಂಡಿತು. ರಾಜ್ಯದ ನಿಯಮ ಏರಿಳಿಯಬಹುದು. ಸ್ವಯಂ ಸ್ವೀಕರಿಸಿದ ನಿಯಮ ಇಳಿಯುವುದಿಲ್ಲ.

ವೈದ್ಯಶಾಸ್ತ್ರವೂ ಆಚಾರ್ಯರ ಮಾತಿಗೆ ಪೋಷಕವಾಗಿದೆ. ವಿವೇಚನೆಯನ್ನೂ ಸಂಯಮವನ್ನೂ ನಡೆಸುವ ಮಿದುಳಿನ ಮುಂಭಾಗವು ಸುಮಾರು 25ನೆಯ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. 15 ತುಂಬುವ ಮೊದಲೇ ಕುಡಿಯತೊಡಗಿದವರು ಮುಂದೆ ಮದ್ಯಕ್ಕೆ ಅಧೀನರಾಗುವ ಸಂಭವವು 21ರ ಅನಂತರ ತೊಡಗಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವು ತಿಳಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾರಿದೆ. ‘ಸ್ವಲ್ಪವಾದರೆ ಬಾಧಕವಿಲ್ಲ’ ಎಂಬ ಗೆಳೆಯರ ಮಾತಿಗೆ ಆಧಾರವಿಲ್ಲ.

ಹಾಗಾದರೆ ವ್ರತವನ್ನು ಕೊಡುವ ಕ್ರಮವೇನು? ತ್ಯಾಗದಲ್ಲಿ ನಿಯಮ, ಯಮ ಎಂದು ಎರಡು ಬಗೆ. ಕಾಲದ ಅವಧಿಯುಳ್ಳದ್ದು ನಿಯಮ, ಯಾವಜ್ಜೀವವಾದುದು ಯಮ. ಹದಿನಾಲ್ಕು ಹದಿನೈದರ ಬಾಲಕ ಬಾಲಕಿಯರಿಗೆ ಅರ್ಥವನ್ನು ವಿವರಿಸಿ, ದಶಲಕ್ಷಣ ಪರ್ವದಲ್ಲಿ ಒಂದು ವರ್ಷದ ನಿಯಮವನ್ನು ಅವರ ಬಾಯಿಂದಲೇ ಹೇಳಿಸಬಹುದು. ವರ್ಷವರ್ಷವೂ ತಾವೇ ನವೀಕರಿಸಿಕೊಂಡ ನಿಯಮವು ಪ್ರೌಢರಾದಾಗ ಸಹಜವಾಗಿ ಯಮವಾಗುತ್ತದೆ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳನ್ನೂ ಅವರಿಗೆ ತಿಳಿಸತಕ್ಕದ್ದು. ತಾನು ಕುಡಿಯದೆ ಗೆಳೆಯನಿಗಾಗಿ ಕೊಂಡುತರುವುದು ಕಾರಿತ. ಕುಡಿದವನ ಸಾಹಸವನ್ನು ಕೊಂಡಾಡುವುದು ಅನುಮೋದನೆ. ಈ ಪಾಠ ಹಿರಿಯರಿಗೂ ಅನ್ವಯಿಸುತ್ತದೆ. ವ್ಯವಹಾರಕ್ಕಾಗಿ ಅತಿಥಿಗಳಿಗೆ ಮದ್ಯವನ್ನು ಒದಗಿಸುವ ತಂದೆಯು ಮಗನಿಗೆ ಕಾರಿತವನ್ನೇ ಬೋಧಿಸಿದಂತಾಯಿತು. ಮದ್ಯದ ವ್ಯಾಪಾರವಂತೂ ರಸವಾಣಿಜ್ಯವೆಂದು ನಿಷಿದ್ಧವಾಗಿದೆ.

ಮಗುವು ಈಗಾಗಲೇ ಎಡವಿದ್ದರೆ ಮಾಡತಕ್ಕದ್ದೇನು? ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ ಉಪಗೂಹನ, ಸ್ಥಿತಿಕರಣಗಳೆರಡೂ ಇವೆ. ದೋಷವನ್ನು ಬೀದಿಗೆಳೆಯದಿರುವುದು ಉಪಗೂಹನ. ಜಾರಿದವನನ್ನು ಮರಳಿ ನೆಲೆಗೊಳಿಸುವುದು ಸ್ಥಿತಿಕರಣ. ಎರಡನೆಯದಿಲ್ಲದ ಮೊದಲನೆಯದು ಬರಿಯ ಮುಚ್ಚಿಡುವಿಕೆ. ಪ್ರಾಯಶ್ಚಿತ್ತದ ಮೊದಲ ಭೇದ ಆಲೋಚನೆ, ಎಂದರೆ ದೋಷವನ್ನು ನಿವೇದಿಸುವುದು. ಹೊಡೆತದ ಭಯವಿರುವಲ್ಲಿ ಆಲೋಚನೆ ಸಾಧ್ಯವಿಲ್ಲ, ಸುಳ್ಳೇ ಬೆಳೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕುಡಿದು ಬಂದ ಮಗನಿಗೆ ದಂಡನೆಯಾಗಿ ಉಪವಾಸ ಹೇರಬಾರದು. ನಿರಾಹಾರ ಸ್ಥಿತಿಯಲ್ಲಿ ಮದ್ಯವು ಯಕೃತ್ತು ಸಕ್ಕರೆಯನ್ನು ಉತ್ಪಾದಿಸುವುದನ್ನು ತಡೆಯುವುದರಿಂದ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ನಿತ್ಯ ಹೆಚ್ಚಾಗಿ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಅಪಸ್ಮಾರಗಳು ತೋರಬಹುದು. ಅಂಥವರಿಗೆ ಮೊದಲು ವೈದ್ಯರ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಉಪವಾಸವು ಆತ್ಮದ ಸಮೀಪ ವಾಸ. ಅದು ಶಿಕ್ಷೆಯಾದರೆ ಮಗುವು ಮದ್ಯವನ್ನಲ್ಲ, ಧರ್ಮವನ್ನೇ ದೂರುವುದು.

ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ನಡೆಸುವ ಮದ್ಯವರ್ಜನ ಶಿಬಿರಗಳು ಸ್ಥಿತಿಕರಣದ ನಿದರ್ಶನ. ಅನ್ಯರ ಮನೆಗಳ ವ್ಯಸನವನ್ನು ಬಿಡಿಸಲು ಜೈನ ಮನೆತನವೊಂದು ಮುಂದಾಗಿರುವಾಗ, ತನ್ನ ಮಕ್ಕಳ ವಿಷಯದಲ್ಲಿ ಶ್ರಾವಕಸಮಾಜ ಉದಾಸೀನವಾಗಿರುವುದು ಉಚಿತವಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು:
1. ಮದ್ಯತ್ಯಾಗಕ್ಕೂ ಅಹಿಂಸೆಗೂ ಇರುವ ಸಂಬಂಧವೇನು?
2. ನಿಯಮ, ಯಮಗಳ ಭೇದವನ್ನು ತಿಳಿಸಿ.
3. ತಾನು ಕುಡಿಯದವನಿಗೂ ದೋಷವು ಹೇಗೆ ತಗುಲುತ್ತದೆ?
4. ಉಪಗೂಹನವು ಮುಚ್ಚಿಡುವಿಕೆಯಾಗುವುದು ಯಾವಾಗ?