ಮೊದಲು ವಾರದ ಲೆಕ್ಕ: ಗರ್ಭಪಾತದ ಕಾನೂನಿಗೆ ಒಂದು ಪ್ರವೇಶ

ಗರ್ಭಪಾತದ ಕಾನೂನನ್ನು ತಿಳಿಯಹೊರಟ ನೀವು ಮೊದಲು ಕಲಿಯಬೇಕಾದದ್ದು ಒಂದು ಲೆಕ್ಕವನ್ನು. ವೈದ್ಯರು ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಒಬ್ಬಾಕೆ ಮಾರ್ಚ್ 1ರಂದು ಮುಟ್ಟಾದಳು, 29ಕ್ಕೆ ಮತ್ತೆ ಆಗಬೇಕಿತ್ತು, ಆಗಲಿಲ್ಲ ಎನ್ನಿ. ಬಸಿರಾಗಿದ್ದರೆ ಆ ದಿನಕ್ಕೇ ನಾಲ್ಕು ವಾರ ಮುಗಿದಿರುತ್ತದೆ. ಮೇ 3ಕ್ಕೆ ಒಂಬತ್ತು ವಾರ. ಮಾತ್ರೆಯಿಂದ ಗರ್ಭಪಾತ ಮಾಡಿಸಲು ನಮ್ಮ ನಿಯಮ ಕೊಟ್ಟಿರುವ ಗಡುವೂ ಒಂಬತ್ತೇ ವಾರ. ಅನುಮಾನ ಬಂದ ದಿನದಿಂದ ಅವಳ ಕೈಯಲ್ಲಿ ಉಳಿದದ್ದು ಐದು ವಾರ ಮಾತ್ರ.

ಈಗ ಕಾನೂನಿಗೆ ಬರೋಣ. ಭಾರತದಲ್ಲಿ ಗರ್ಭಪಾತ ಅಪರಾಧವೆಂದು ಹಲವರು ಇಂದಿಗೂ ನಂಬಿದ್ದಾರೆ. ಕಾನೂನಿನ ಮಿತಿಯೊಳಗೆ ಮಾಡಿಸಿದರೆ ಅದು ಅಪರಾಧವಲ್ಲ; ಅಪರಾಧವಾಗಿರುವುದು ಭ್ರೂಣದ ಲಿಂಗ ಪತ್ತೆ. ಅದನ್ನು ತಡೆಯುವ ಕಾಯ್ದೆ 1994ರದ್ದು, ಅದೇ ಬೇರೆ. ಎಂಟಿಪಿ ಎಂದು ಕರೆಯುವ ವೈದ್ಯಕೀಯ ಗರ್ಭಪಾತ ಕಾಯ್ದೆ 1971ರಲ್ಲೇ ಬಂತು, 2021ರಲ್ಲಿ ತಿದ್ದುಪಡಿಯಾಯಿತು. ಹೆಣ್ಣಿನ ಜೀವಕ್ಕೆ ಅಥವಾ ದೈಹಿಕ, ಮಾನಸಿಕ ಆರೋಗ್ಯಕ್ಕೆ ಹಾನಿಯಿದೆಯೆಂದು ಒಬ್ಬ ಅರ್ಹ ವೈದ್ಯರಿಗೆ ಅನ್ನಿಸಿದರೆ 20 ವಾರದವರೆಗೆ ಗರ್ಭಪಾತ ಮಾಡಬಹುದು. ಗರ್ಭನಿರೋಧಕ ವಿಫಲವಾಗಿ ನಿಂತ ಬಸಿರೂ ಇದರಲ್ಲಿ ಸೇರುತ್ತದೆ. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿನಲ್ಲೇ ವಿಧವೆಯಾದವರು ಮುಂತಾದವರಿಗೆ ಇಬ್ಬರು ವೈದ್ಯರ ಒಪ್ಪಿಗೆಯಿದ್ದರೆ 24 ವಾರದವರೆಗೂ ಅವಕಾಶವಿದೆ. ಅವಿವಾಹಿತೆಯರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು.

ಆದರೂ ಇಲ್ಲಿ ಕೊನೆಯ ಮಾತು ವೈದ್ಯರದ್ದು, ಹೆಣ್ಣಿನದ್ದಲ್ಲ. ನನ್ನ ದೃಷ್ಟಿಯಲ್ಲಿ ಇದು ಈ ಕಾನೂನಿನ ದೊಡ್ಡ ಕೊರತೆ. ನಗರದಲ್ಲಿ ಒಬ್ಬರು ಒಲ್ಲೆನೆಂದರೆ ಪಕ್ಕದ ರಸ್ತೆಯಲ್ಲಿ ಇನ್ನೊಬ್ಬರು ಸಿಗುತ್ತಾರೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತರಬೇತಿ ಪಡೆದ ವೈದ್ಯರಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಅಂದಿನ ಕೂಲಿ ಬಿಡಬೇಕು, ಬಸ್ಸಿಗೆ ದುಡ್ಡು ಹೊಂದಿಸಬೇಕು, ಮನೆಯಲ್ಲಿ ಏನೋ ಕಾರಣ ಹೇಳಬೇಕು. ಅಲ್ಲಿಗೆ ಹೋದರೆ ‘ಗಂಡನ ಸಹಿ ತಗೊಂಡು ಬಾರಮ್ಮ’ ಎಂಬ ಮಾತು. ಗಂಡ ದುಡಿಯಲು ದೂರದ ಊರಿಗೆ ಹೋಗಿದ್ದರೆ ವಾರಗಳು ಹೀಗೇ ಸೋರಿಹೋಗುತ್ತವೆ. ಇದನ್ನು ನೀವು ಗಟ್ಟಿಯಾಗಿ ನೆನಪಿಡಿ: 18 ತುಂಬಿದ, ಮಾನಸಿಕ ಅಸ್ವಸ್ಥತೆಯಿಲ್ಲದ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿಯನ್ನು ಕಾನೂನು ಎಲ್ಲೂ ಕೇಳಿಲ್ಲ. ಅವಳ ಹೆಸರನ್ನು ಕಾನೂನು ಅನುಮತಿಸದವರಿಗೆ ತಿಳಿಸುವುದೂ ಶಿಕ್ಷಾರ್ಹ.

ದಾರಿ ಕಾಣದವರು ಔಷಧದಂಗಡಿಯ ಮಾತ್ರೆ ತಂದು ಗುಟ್ಟಾಗಿ ನುಂಗುತ್ತಾರೆ. ಮಾತ್ರೆ ಕೆಟ್ಟದ್ದಲ್ಲ. ಆದರೆ ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಅದು ಕೆಲಸ ಮಾಡದು; ನಾಳ ಒಡೆದರೆ ಜೀವಕ್ಕೇ ಅಪಾಯ. ವೈದ್ಯರು ಮೊದಲು ಪರೀಕ್ಷಿಸುವುದು ಇದಕ್ಕಾಗಿಯೇ. ತಾಸಿಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತ ಎರಡು ತಾಸು ಹೋದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮ್ಮ ಕೇರಿಯಲ್ಲಿ ಯಾರಿಗಾದರೂ ಮುಟ್ಟು ನಿಂತಿದ್ದರೆ, ಇನ್ನೊಂದು ವಾರ ನೋಡೋಣ ಎನ್ನಲು ಬಿಡಬೇಡಿ. ಬಸಿರು ಪರೀಕ್ಷೆಯ ಕಿಟ್ ಆಶಾ ಕಾರ್ಯಕರ್ತೆಯ ಬಳಿ ಉಚಿತವಾಗಿ ಸಿಗುತ್ತದೆ.